ಖಾಲಿ ಕುರ್ಚಿಯ ವಿವರಣೆ

ಕುರ್ಚಿ ಖಾಲಿ ಇದೆ ಎಂದು ಹೇಳಿದ್ದೇ ಉಶ್ಶಪ್ಪನಿಗೆ ಮುಳುವಾಯಿತು.

ಅವನ ನಿಜವಾದ ಹೆಸರು ಆ ವಸ್ತುಸಂಗ್ರಹಾಲಯದಲ್ಲಿ ಯಾರಿಗೂ ನೆನಪಿರಲಿಲ್ಲ. ಧ್ವನಿಮುದ್ರಣ ಅವನ ಕೆಲಸ. ಮೈಕು ಕೈಗೆ ಬಂದರೆ ಎದುರು ಸಿಕ್ಕವರಿಗೆಲ್ಲ "ಉಶ್ಶ್" ಎನ್ನುತ್ತಿದ್ದ. ಅವನ ಭಯಕ್ಕೆ ಕೆಮ್ಮು ನುಂಗಿಕೊಂಡು ಬೆಂಡೆಕಾಯಿಯಂತೆ ಬಾಡಿಹೋದವರೂ ಇದ್ದರು. ಹಾಗಾಗಿ ಉಶ್ಶಪ್ಪ.

ಸಂಗ್ರಹಾಲಯವೆಂದರೆ ಹಿಂದೆ ಯಾವುದೋ ವೈದ್ಯರ ಕುಟುಂಬ ಬಾಳಿ ಬದುಕಿದ ಮನೆ. ಮೆಟ್ಟಿಲು ಕಡಿದಾಗಿದ್ದು, ಗಾಲಿಕುರ್ಚಿಯವರು ಮೇಲೆ ಹತ್ತುವಂತಿರಲಿಲ್ಲ. ಅದಕ್ಕೇ ಇಡೀ ಮನೆಯನ್ನು ಕಂಪ್ಯೂಟರಿನಲ್ಲೇ ಸುತ್ತಿ ನೋಡುವಂತೆ ವರ್ಚುವಲ್ ಟೂರ್ ಮಾಡಿದ್ದರು. ಕಣ್ಣು ಕಾಣದವರಿಗಾಗಿ ಉಶ್ಶಪ್ಪ ಪ್ರತಿ ಕೋಣೆಯಲ್ಲೂ ನಿಂತು ಅಲ್ಲಿರುವುದನ್ನೆಲ್ಲ ಬಣ್ಣಿಸಿದ್ದ. ಕಿವಿ ಕೇಳದವರಿಗಾಗಿ ಅದೇ ಮಾತು ಪರದೆಯ ಕೆಳಗೆ ಅಕ್ಷರವಾಗಿ ಮೂಡುತ್ತಿತ್ತು. ಸಂಜೆಗೆ ಬಿಡುಗಡೆ. ಅದೊಂದು ಸುಸೂತ್ರವಾಗಿ ನಡೆದರೆ ಕೆಲಸ ಕಾಯಂ ಎಂದು ನಿರ್ದೇಶಕಿ ಮಾತು ಕೊಟ್ಟಿದ್ದರು. ಬಾಕಿ ಇದ್ದದ್ದು ಟೂರನ್ನು ಕೇಳಿ ಪರೀಕ್ಷಿಸಲು ಬಂದಿದ್ದ ಟೆಲಿಫೋನ್ ಅಕ್ಕನ ಒಪ್ಪಿಗೆ.

ಅಕ್ಕನಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಆ ಕಡೆಯವರು ಹಲೋ ಅನ್ನುವ ಮೊದಲೇ ಅವರಿಗೆ ನೆಗಡಿಯಾಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರಂತೆ. ಬೆಳಗ್ಗೆ ಕೆಳಗಿನ ಕಚೇರಿಯಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು ಟೂರಿನಲ್ಲೇ ಕೋಣೆ ಕೋಣೆ ಸುತ್ತುತ್ತಾ ಬಂದವರು ಮೇಲಿನ ಅಂತಸ್ತಿನಲ್ಲಿ ನಿಂತುಬಿಟ್ಟರು.

"ಕಿಟಕಿ ಹೇಳಿದೆ, ತೊಟ್ಟಿಲು ಹೇಳಿದೆ, ಕನ್ನಡಿ ಬಿರುಕು ಬಿಟ್ಟಿರೋದೂ ಹೇಳಿದೆ. ಆ ಹೆಂಗಸನ್ನ ಯಾಕಪ್ಪಾ ಬಿಟ್ಟೆ?"

"ಯಾವ ಹೆಂಗಸು, ಅಕ್ಕಾ?"

"ಕುರ್ಚಿ ಖಾಲಿ ಅಂದ ಕೂಡಲೇ ಎದ್ದು ನಿಂತ್ರಲ್ಲ, ಅವರು. ಬೇಜಾರಾಗಿದೆ ಪಾಪ. ಕೂತಿದ್ದಾಗಲೇ ಹಾಗಂದ್ರೆ ಯಾರಿಗೆ ಆಗಲ್ಲ?"

ಉಶ್ಶಪ್ಪ ಹೆಡ್‌ಫೋನ್ ಇಸಿದುಕೊಂಡ. ಅವನದೇ ದನಿ: ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಿದೆ, ಖಾಲಿ ಇದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬೆತ್ತ ನಿಧಾನವಾಗಿ ಕಿರುಗುಟ್ಟಿತು. ಬಟ್ಟೆ ಸರಸರ ಎಂದಿತು. ಅವನ ಬೆನ್ನಿನ ಮೇಲೆ ಬೆವರು ಇರುವೆಯ ಹಾಗೆ ಇಳಿಯಿತು.

ಸುದ್ದಿ ಹಬ್ಬಿ ಎಲ್ಲರೂ ಬಂದರು. ಬಡಗಿ, "ಬಿಸಿಲಿಗೆ ಬೆತ್ತ ಹಿಗ್ಗುತ್ತೆ, ಅಷ್ಟೇ" ಎಂದ. ಕಾವಲುಗಾರ, "ಇಲಿ ಇರಬೇಕು" ಎಂದ. ಎನ್ನುತ್ತಲೇ ಮೇಲಂತಸ್ತಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಮೊಣಕಾಲು ನೋವೆಂದು ಹೊರಗೆ ಹೋದ. ಗ್ರಂಥಾಲಯ ನೋಡಿಕೊಳ್ಳುವವಳಿಗೆ ಕಿವಿ ಕೇಳದು. ಅವಳು ಪರದೆಯ ಕೆಳಗಿನ ಅಕ್ಷರಗಳನ್ನು ಓದುತ್ತಾ ಬಂದು ಒಂದು ಕಡೆ ಬೆರಳಿಟ್ಟಳು. 'ಖಾಲಿ ಇದೆ' ಎಂಬುದರ ಕೆಳಗೆ ಕಂಪ್ಯೂಟರು ತಾನೇ ತಾನಾಗಿ 'ನಿಟ್ಟುಸಿರು' ಎಂದು ಬರೆದುಕೊಂಡಿತ್ತು. ಯಾರದು, ಎಂದು ಅವಳು ಕೈಸನ್ನೆಯಲ್ಲಿ ಕೇಳಿದಳು. ಬಡಗಿಯೂ ಹೊರಟುಹೋದ.

"ಆ ಸದ್ದು ಕತ್ತರಿಸಿ ಎಸೀರಿ" ಎಂದರು ನಿರ್ದೇಶಕಿ.

ಅಕ್ಕ ಒಪ್ಪಲಿಲ್ಲ. "ಕಣ್ಣಿದ್ದವರು ಏನೂ ಕಾಣ್ಲಿಲ್ಲ ಅಂತ ಸುಮ್ನಿರಬಹುದು. ನಮಗೆ ಕೇಳಿಸಿದ್ದನ್ನೂ ಕಿತ್ಕೊಂಡ್ರೆ ಉಳಿಯೋದೇನು? ಇದ್ದದ್ದನ್ನ ಇದ್ದ ಹಾಗೆ ಹೇಳಿ, ಒಪ್ತೀನಿ."

ನಿರ್ದೇಶಕಿ ಉಶ್ಶಪ್ಪನತ್ತ ತಿರುಗಿದರು. "ಹಿರಿಯರೊಬ್ಬರು ಕೂತಿದ್ದಾರೆ ಅಂತ ಹೇಳಿ ಬನ್ರೀ. ನಿಮ್ಮ ಗಂಟೇನು ಹೋಗುತ್ತೆ?"

ಮೇಲಿನ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಕಿಟಕಿಯವರೆಗೂ ಬಂದು ಒಳಗೆ ಕಾಲಿಡಲು ಹಿಂಜರಿದಂತೆ ನಿಂತಿತ್ತು. ತೊಟ್ಟಿಲು ಅಲುಗದೆ ಇತ್ತು. ಕನ್ನಡಿಯತ್ತ ಉಶ್ಶಪ್ಪ ನೋಡಲಿಲ್ಲ. ನೋಡದೆ ಇರುವುದಕ್ಕೇ ಅವನ ಶಕ್ತಿಯೆಲ್ಲ ಖರ್ಚಾಯಿತು. ಕುರ್ಚಿಯ ಬೆತ್ತ ನಡುವೆ ತಗ್ಗಾಗಿತ್ತು. ಹಳೆಯದಲ್ಲವೇ, ಜೋಲು ಬಿದ್ದಿರುತ್ತದೆ ಎಂದುಕೊಂಡು ಅಂಗೈ ಇಟ್ಟ. ಬೆಚ್ಚಗಿತ್ತು.

ಕೈ ಹಿಂದಕ್ಕೆಳೆದುಕೊಂಡು ಮೈಕು ಹಿಡಿದ. ಬಾಯಿಂದ ಹೊರಟ ದನಿ ಯಾರದೋ ಮೇಕೆಯದಾಗಿತ್ತು. "ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹಿರಿಯರೊಬ್ಬರು ಕೂತಿದ್ದಾರೆ. ಬಹಳ ಒಳ್ಳೆಯವರು." ಕೊನೆಯ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಕಾದ. ಕುರ್ಚಿ ಕಿರುಗುಟ್ಟಲಿಲ್ಲ, ನಿಟ್ಟುಸಿರೂ ಇಲ್ಲ. ಗೆದ್ದೆ ಎನಿಸಿತು. ಹೊರಡುವ ಹೊತ್ತಿಗೆ, ಯಾರ ಮನೆಯಿಂದ ಎದ್ದರೂ ಆಡುವ ಮಾತನ್ನು ಅಭ್ಯಾಸಬಲದಿಂದ ಆಡಿದ: "ಬರ್ತೀನಮ್ಮ. ನೀವೂ ಬನ್ನಿ ನಮ್ಮ ಕಡೆ." ಬಾಗಿಲೆಳೆದುಕೊಂಡು ದಡದಡ ಇಳಿದು ಬಂದ.

ಕೆಳಗೆ ಅಕ್ಕ ಕೇಳಿಸಿಕೊಳ್ಳುತ್ತಾ ತಲೆಯಾಡಿಸಿದರು. "ಚೆನ್ನಾಗಿ ಹೇಳಿದ್ದೀಯ."

ಉಶ್ಶಪ್ಪ ಮೊದಲ ಬಾರಿಗೆ ನಿರಾಳವಾಗಿ ಉಸಿರು ಬಿಟ್ಟ. ನಿರ್ದೇಶಕಿ ಕೈಗಡಿಯಾರ ನೋಡಿಕೊಂಡು ನಕ್ಕರು. ಅಕ್ಕ ಮಾತ್ರ ಹೆಡ್‌ಫೋನ್ ತೆಗೆಯಲಿಲ್ಲ.

"ಆದ್ರೆ ಇದು ಈಗ ಸುಳ್ಳಾಗುತ್ತಲ್ಲಪ್ಪ. ಕುರ್ಚಿ ಈಗ ಖಾಲಿ."

"ಖಾಲಿನಾ? ಎಲ್ಲಿ ಹೋದ್ರು?"

"ನೀನು ಮೈಕು ಆರಿಸೋದೇ ಮರೆತಿದ್ದೀಯ. ಬನ್ನಿ ಅಂತ ಕರೆದಿದ್ದೂ ಇದೆ, ಮೆಟ್ಟಿಲು ಇಳಿದಿದ್ದೂ ಇದೆ. ನಿನ್ನ ಚಪ್ಪಲಿ ಸದ್ದಿನ ಹಿಂದೇನೇ ಬರಿಗಾಲಿನ ಸದ್ದು."

ನಿರ್ದೇಶಕಿ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡು, "ಹಾಗಾದ್ರೆ ಈಗಲೇ ಹೋಗಿ ಖಾಲಿ ಇದೆ ಅಂತ ಹೇಳಿ ಬನ್ರೀ" ಎಂದರು. ದನಿ ಸ್ವಲ್ಪ ಸಣ್ಣಗಿತ್ತು.

ಅಕ್ಕ ಹೆಡ್‌ಫೋನ್ ತೆಗೆದಿಟ್ಟು, ಉಶ್ಶಪ್ಪನ ಬೆನ್ನ ಹಿಂದಕ್ಕೆ ಮುಖ ಮಾಡಿ ನಸುನಕ್ಕರು.

"ಆಮೇಲೆ ಹೋಗ್ತಾನೆ ಬಿಡಿ. ಮೊದಲು ಅವರಿಗೆ ಕೂರೋಕೆ ಏನಾದ್ರೂ ಹಾಕಪ್ಪ. ಕರೆದವನು ನೀನೇ ತಾನೆ."