ಅತ್ತೆಯವರ ಕತ್ತು ಮತ್ತು ನನ್ನ ಕಾರಿನ ಬ್ರೇಕು

ನಮ್ಮ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ ಎಂದು ನಾನು ಇದುವರೆಗೆ ಯಾರ ಬಳಿಯೂ ಹೇಳಿಕೊಂಡಿಲ್ಲ. (ಹೇಳಿಕೊಂಡಿದ್ದರೂ ಆ ಮಾತಿಗೆ ಬೆಲೆ ಇರುತ್ತಿರಲಿಲ್ಲ.) ಆದರೆ ನನ್ನ ಕಾರಿನ ವಿಷಯದಲ್ಲಿ ಆದ ಅನ್ಯಾಯವನ್ನು ಮಾತ್ರ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನೀವೇ ಕೇಳಿ, ನೀವೇ ನ್ಯಾಯ ಹೇಳಿ.

ಕಾರು ಅಂದರೆ ಅಂಥಿಂಥ ಕಾರಲ್ಲ. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗು, ಮಾಗಿದ ಟೊಮೆಟೊ ಬಣ್ಣ. ನನ್ನ ಕೈಗೆ ಬರುವ ಮೊದಲು ಇಬ್ಬರ ಕೈ ದಾಟಿತ್ತು, ಆದರೂ ಎಂಜಿನ್ನು ಒಮ್ಮೆ ಗುರ್ ಎಂದರೆ ಬೀದಿಯ ಮಕ್ಕಳು ಆಟ ಬಿಟ್ಟು ತಿರುಗಿ ನೋಡುತ್ತಾರೆ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ದಿನವಿಡೀ ಬೇರೆಯವರ ಮೂಗಿನ ಮೇಲೆ ಗಾಜು ಇಟ್ಟು, ‘ಇದು ಚೆನ್ನಾಗಿ ಕಾಣತ್ತಾ, ಅದಾ?’ ಎಂದು ಕೇಳುವುದೇ ನನ್ನ ಬಾಳು. ನನ್ನನ್ನು ಯಾರಾದರೂ ನೋಡುವುದು ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಈ ಕಾರಿನಲ್ಲಿ ಕೂತಾಗ ಮಾತ್ರ.

ಅದಕ್ಕೂ ಕಲ್ಲು ಬಿತ್ತು. ಹೋದ ವರ್ಷ ಅತ್ತೆಯವರನ್ನು ಕೂರಿಸಿಕೊಂಡು ಬರುವಾಗ ಸಿಗ್ನಲ್ಲಿನಲ್ಲಿ ಬ್ರೇಕು ಒತ್ತಿದೆ. ಅದು ಮೊದಲು ಹಿಡಿಯಲೇ ಇಲ್ಲ, ಆಮೇಲೆ ಒಮ್ಮೆಲೇ ಹಿಡಿಯಿತು. ಕಾರು ನಿಂತಿತು, ಅತ್ತೆಯವರ ಕತ್ತು ನಿಲ್ಲಲಿಲ್ಲ. ಹದಿನೈದು ದಿನ ಅವರು ಕತ್ತಿಗೆ ಪಟ್ಟಿ ಕಟ್ಟಿಕೊಂಡಿದ್ದರು, ನನ್ನನ್ನು ನೋಡಬೇಕಾದಾಗಲೆಲ್ಲ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಅತ್ತೆ ನಿವೃತ್ತ ಹೆಡ್ ನರ್ಸು, ಮೂವತ್ತು ವರ್ಷ ವಾರ್ಡು ಆಳಿದವರು. ಅವರು ದುರುಗುಟ್ಟಿದರೆ ದೊಡ್ಡ ಡಾಕ್ಟರುಗಳೇ ಗೋಡೆ ಸವರಿಕೊಂಡು ಹೋಗುತ್ತಿದ್ದರಂತೆ, ನಾನು ಯಾವ ಲೆಕ್ಕ.

ಈಗ ಅವರು ಮೊಣಕಾಲಿನ ಚಿಕಿತ್ಸೆಗೆಂದು ಮೂರು ತಿಂಗಳು ನಮ್ಮಲ್ಲಿ ಇರಲು ಬರುವವರಿದ್ದರು. ದಿನ ಬಿಟ್ಟು ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ತೀರ್ಪು ಕೊಟ್ಟಳು.

“ನೋಡ್ರೀ, ಅಮ್ಮ ಸ್ಟೇಷನ್ನಿಂದ ಆ ಕಾರಲ್ಲಿ ಬಂದು, ಮನೆ ಮುಂದೆ ಇಳಿದು, ‘ಪರವಾಗಿಲ್ಲ’ ಅಂದ್ರೆ ಕಾರು ಇರಲಿ. ಇಲ್ಲಾಂದ್ರೆ ಮಾರಿ, ನಾಲ್ಕು ಬಾಗಿಲಿಂದು, ಎತ್ತರದ್ದು ತಗೊಳ್ಳೋಣ. ನಮ್ಮ ಸ್ಕೂಲಿನ ಡ್ರಿಲ್ ಮೇಷ್ಟ್ರು ಆಗ್ಲೇ ಕೇಳಿಟ್ಟಿದಾರೆ.”

ಆ ಮನುಷ್ಯ ಕತ್ತಿಗೆ ಸೀಟಿ ತಗುಲಿಸಿಕೊಂಡು ನನ್ನ ಕಾರಿನಲ್ಲಿ ಹೋಗುವುದನ್ನು ನೆನೆಸಿಕೊಂಡೇ ತುತ್ತು ಗಂಟಲಲ್ಲಿ ಸಿಕ್ಕಿತು. ನೀರು ಕುಡಿದು ಅದನ್ನು ಇಳಿಸುವಷ್ಟರಲ್ಲಿ ಜ್ಞಾನೋದಯವಾಯಿತು. ತಪ್ಪು ಕಾರಿನದಲ್ಲ, ಬ್ರೇಕಿನದು. ಬ್ರೇಕು ಬದಲಾಯಿಸಿದರೆ ಕತ್ತು ಉಳಿಯುತ್ತದೆ, ಕತ್ತು ಉಳಿದರೆ ಕಾರು ಉಳಿಯುತ್ತದೆ.

ಊರಿಗೆಲ್ಲ ಆಯ್ಕೆ ಮಾಡಿಸುವ ನಾನು ನನ್ನ ಆಯ್ಕೆಗೆ ಕೂತಾಗ ಮೂರು ವಾರ ಹಿಡಿಯಿತು. ಮೊದಲು ಮನಸ್ಸು ಹೋದದ್ದು ಓಟದ ಕಾರುಗಳಿಗೆ ಹಾಕುವ, ಇಟ್ಟಿಗೆಯಷ್ಟು ದಪ್ಪದ ಕೆಂಪು ಕ್ಯಾಲಿಪರಿನ ಮೇಲೆ. (ಚಕ್ರದ ಜೊತೆ ತಿರುಗುವ ತಟ್ಟೆ ಡಿಸ್ಕು. ಅದನ್ನು ಎರಡು ಕಡೆಯಿಂದ ಒತ್ತುವ ತುಂಡುಗಳು ಪ್ಯಾಡು. ಆ ಪ್ಯಾಡುಗಳನ್ನು ಹಿಡಿದು ಒತ್ತುವ ಮುಷ್ಟಿಯೇ ಕ್ಯಾಲಿಪರು. ಇಷ್ಟು ತಿಳಿಯಲು ನನಗೆ ಒಂದು ವಾರ ಬೇಕಾಯಿತು, ನಿಮಗೆ ಪುಕ್ಕಟೆ.) ಚಿತ್ರ ತೆಗೆದುಕೊಂಡು ಮೆಕ್ಯಾನಿಕ್ಕಿನ ಬಳಿ ಹೋದೆ. ಅವನಿಗೆ ಗಿರಾಕಿಗಳು ಇಟ್ಟ ಹೆಸರು ಮೌನಿ. ಕೇಳಿದ್ದಕ್ಕೆ ಅರ್ಧ ಉತ್ತರ, ಕೇಳದಿದ್ದರೆ ಅದೂ ಇಲ್ಲ. ಅವನು ಚಿತ್ರದ ಅಳತೆಗೆ ಒಂದು ರಟ್ಟು ಕತ್ತರಿಸಿ ನನ್ನ ಚಕ್ರದೊಳಗೆ ಹಿಡಿದು ತೋರಿಸಿದ. ರಟ್ಟು ಒಳಗೆ ಹೋಗಲಿಲ್ಲ. ದೊಡ್ಡ ಚಕ್ರ ಹಾಕೋಣ ಎಂದೆ. ಆಗ ಚಕ್ರ ಕಾರಿನ ಮೈಗೆ ಉಜ್ಜುತ್ತದೆ ಎಂದು ಕೈಸನ್ನೆ ಮಾಡಿದ. ಮೂಗಿಗಿಂತ ಮೂಗುತಿ ಭಾರವಾಯಿತು, ಬಿಟ್ಟೆ.

ಎರಡನೆಯದು ಓಟದ ಪ್ಯಾಡು. ಡಿಸ್ಕು ಕೆಂಡದ ಹಾಗೆ ಕಾದರೂ ಹಿಡಿತ ಬಿಡದು ಎಂಬ ಅದರ ಗುಣಗಾನವನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ತಿದ್ದುತ್ತಿದ್ದ ನೋಟ್‌ಬುಕ್ಕು ಮಡಚಿ, ಅದು ಹಿಡಿಯಲು ಶುರುಮಾಡಬೇಕಾದರೆ ಎಷ್ಟು ಬಿಸಿಯಾಗಬೇಕು ಎಂದು ಕೇಳಿದಳು. ಚೆನ್ನಾಗಿಯೇ ಬಿಸಿಯಾಗಬೇಕು ಎಂದೆ. ಆಸ್ಪತ್ರೆ ಎಷ್ಟು ದೂರ ಎಂದಳು. ಎರಡು ಕಿಲೋಮೀಟರು ಎಂದೆ.

“ಹಾಗಾದ್ರೆ ಆಸ್ಪತ್ರೆ ದಾಟಿದ ಮೇಲೆ ನಿಲ್ಲುತ್ತೆ ಅನ್ನಿ,” ಎಂದು ಮತ್ತೆ ನೋಟ್‌ಬುಕ್ಕು ತೆರೆದಳು.

(ಘರ್ಷಣೆಯ ವಿಷಯದಲ್ಲಿ ಅವಳಿಗೆ ಪಾಠ ಹೇಳಲು ಹೋಗಬಾರದು. ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಕಲಿಸುತ್ತಿದ್ದಾಳೆ, ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಪ್ರಯೋಗ ಮಾಡಿ ತೋರಿಸುತ್ತಿದ್ದಾಳೆ.)

ಕೊನೆಗೆ ಉಳಿದದ್ದು ಮೌನಿಯ ಆಯ್ಕೆ. ಬೀದಿಯಲ್ಲಿ ಓಡುವ ಕಾರಿಗೆಂದೇ ಮಾಡಿದ ಒಳ್ಳೆಯ ಪ್ಯಾಡು, ಹೊಸ ಡಿಸ್ಕು, ಹೊಸ ಬ್ರೇಕ್ ಆಯಿಲ್, ಅಷ್ಟೇ. ಹೊರಗಿನಿಂದ ನೋಡಿದರೆ ಏನೂ ಕಾಣದು. ಇದರಲ್ಲಿ ಏನು ವಿಶೇಷ ಎಂದು ಮುಖ ಸಪ್ಪಗೆ ಮಾಡಿಕೊಂಡು ಕೇಳಿದೆ. “ಮೆತ್ತಗೆ ಒತ್ತಿದ್ರೆ ಮೆತ್ತಗೆ ನಿಲ್ಲುತ್ತೆ, ಜೋರಾಗಿ ಒತ್ತಿದ್ರೆ ಜೋರಾಗಿ ನಿಲ್ಲುತ್ತೆ ಸಾರ್,” ಎಂದ. ಅತ್ತೆಯವರ ಕತ್ತಿಗೆ ಇದಕ್ಕಿಂತ ಏನು ಬೇಕು. ಒಪ್ಪಿಕೊಂಡೆ.

ಸಾಮಾನು ಬರುವುದು ತಡವಾಗಿ, ಅತ್ತೆ ಬರುವ ಭಾನುವಾರದ ಬೆಳಿಗ್ಗೆಯೇ ಜೋಡಿಸಬೇಕಾಯಿತು. ರೈಲು ಹತ್ತೂವರೆಗೆ. ಒಂಬತ್ತಕ್ಕೆ ಮೌನಿ ಕೈ ಒರೆಸಿಕೊಂಡು ಎದ್ದು, ಜೀವಮಾನದಲ್ಲೇ ಉದ್ದವಾದ ಭಾಷಣ ಮಾಡಿದ. ಹೊಸ ಪ್ಯಾಡು ಹೊಸ ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ ಎಂಬತ್ತರ ವೇಗಕ್ಕೆ ಹೋಗಿ ಇಪ್ಪತ್ತಕ್ಕೆ ಇಳಿಸಬೇಕು, ಹತ್ತು ಸಲ. ಆಮೇಲೆ ತಣ್ಣಗಾಗಲು ಇಪ್ಪತ್ತು ನಿಮಿಷ ಸುಮ್ಮನೆ ಓಡಿಸಬೇಕು. ಅಲ್ಲಿಯವರೆಗೆ ಎಲ್ಲಿಯೂ ಪೂರ್ತಿ ನಿಲ್ಲಿಸಬಾರದು. ಬಿಸಿಯಲ್ಲಿ ಬ್ರೇಕು ಒತ್ತಿಕೊಂಡು ನಿಂತರೆ ಪ್ಯಾಡಿನ ಮಸಿ ಡಿಸ್ಕಿಗೆ ಒಂದೇ ಕಡೆ ಮೆತ್ತಿಕೊಳ್ಳುತ್ತದೆ, ಆಮೇಲೆ ಪ್ರತಿ ಸಲ ಬ್ರೇಕು ಹಾಕಿದಾಗಲೂ ಕಾರು ಗಡಗಡ ನಡುಗುತ್ತದೆ.

ನಡುಗುವ ಕಾರು, ಅದರಲ್ಲಿ ನಡುಗುವ ಕತ್ತು, ಅದರ ಹಿಂದೆ ಡ್ರಿಲ್ ಮೇಷ್ಟ್ರು. ದೇವರಾಣೆ ನಿಲ್ಲಿಸುವುದಿಲ್ಲ ಎಂದು ಹೊರಟೆ.

ಊರ ಹೊರಗಿನ ರಸ್ತೆಯಲ್ಲಿ ಹತ್ತು ಸಲ ಏರಿಸಿ ಇಳಿಸಿದೆ. ಒಂದೊಂದು ಸಲಕ್ಕೂ ಬ್ರೇಕು ಪಳಗುತ್ತಾ ಬಂತು, ನನಗೆ ಹಾಡು ಬಂತು. ಹತ್ತನೆಯದು ಮುಗಿಸಿ, ಇನ್ನು ಇಪ್ಪತ್ತು ನಿಮಿಷ ಸುಖವಾಗಿ ಸುತ್ತಾಡಿ ಹತ್ತೂವರೆಗೆ ಸ್ಟೇಷನ್ನಿನಲ್ಲಿ ನಿಂತರಾಯಿತು ಎನ್ನುವಷ್ಟರಲ್ಲಿ ಹೆಂಡತಿಯ ಫೋನು. ಹಳಿ ಹಾಕಿದಾಗಿನಿಂದ ಸಮಯಕ್ಕೆ ಬಂದು ಗೊತ್ತಿಲ್ಲದ ರೈಲು ಆ ಒಂದು ದಿನ ಮುಕ್ಕಾಲು ಗಂಟೆ ಮೊದಲೇ ಬಂದಿತ್ತು. ಅಮ್ಮ ಕಾಲು ನೋವಿನಲ್ಲಿ ಹೊರಗೆ ನಿಂತಿದ್ದಾರೆ, ಇನ್ನೊಂದು ನಿಮಿಷವೂ ಕಾಯಿಸಬೇಡಿ ಎಂದು ಹೇಳಿ ಫೋನಿಟ್ಟಳು.

ಕಾಯಿಸಿದರೆ ಅತ್ತೆ ಸಿಟ್ಟಾಗುತ್ತಾರೆ. ನಿಲ್ಲಿಸಿದರೆ ಕಾರು ನಡುಗುತ್ತದೆ. ಅತ್ತ ದರಿ, ಇತ್ತ ಪುಲಿ. ಸ್ಟೇಷನ್ ಮುಂದೆ ಒಂದು ದುಂಡನೆಯ ಹೂದೋಟವಿದೆ, ಗಾಡಿಗಳು ಅದನ್ನು ಸುತ್ತಿ ಹೋಗುತ್ತವೆ. ಅಲ್ಲಿಗೆ ಹೋಗಿ, ತಣ್ಣಗಾಗುವ ತನಕ ಅತ್ತೆಯವರ ಕಣ್ಣೆದುರೇ ಸುತ್ತುತ್ತಿದ್ದರೆ ಕಾಯಿಸಿದ ಹಾಗೂ ಆಗುವುದಿಲ್ಲ, ನಿಲ್ಲಿಸಿದ ಹಾಗೂ ಆಗುವುದಿಲ್ಲ. ಈ ಉಪಾಯ ಹೊಳೆದಾಗ ನನಗೆ ನನ್ನ ಮೇಲೇ ಗೌರವ ಬಂತು.

ಅಲ್ಲಿಗೆ ಮುಟ್ಟಿದಾಗ ತಣ್ಣಗಾಗಲು ಇನ್ನೂ ಹನ್ನೆರಡು ನಿಮಿಷ ಬಾಕಿ. ಮೊದಲನೆಯ ಸುತ್ತು. ಅತ್ತೆ ಊರುಗೋಲು ಹಿಡಿದು, ಎರಡು ಸೂಟ್‌ಕೇಸಿನ ನಡುವೆ ನಿಂತಿದ್ದರು. ನಾನು ನಕ್ಕು ತಲೆಯಾಡಿಸಿದೆ. ಅವರು ಬಗ್ಗಿ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದರು. ನಾನು ಮುಂದೆ ಹೋದೆ. ಎರಡನೆಯ ಸುತ್ತಿನಲ್ಲಿ, ಇನ್ನು ಹತ್ತೇ ನಿಮಿಷ ಎಂದು ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದೆ. (ಸ್ಟಿಯರಿಂಗನ್ನು ಮೊಣಕಾಲಿನಲ್ಲಿ ಹಿಡಿದಿದ್ದೆ. ಇದನ್ನು ಯಾರಿಗೂ ಹೇಳಬೇಡಿ.) ಮೂರನೆಯ ಸುತ್ತಿನಲ್ಲಿ ಒಂಬತ್ತು ಬೆರಳು. ಹಿಂದಿನವರಿಗೆ ತೊಂದರೆಯಾಗದಿರಲಿ ಎಂದು ನಾಲ್ಕೂ ಕಡೆಯ ದೀಪ ಮಿನುಗಿಸುತ್ತಿದ್ದೆ. ಕಾದ ಹೊಸ ಪ್ಯಾಡಿನಿಂದ ಸಣ್ಣಗೆ ಹೊಗೆಯೂ ಬರುತ್ತಿತ್ತು. ಹಾಗೆ ಬರುವುದು ಸಹಜವಂತೆ, ಆದರೆ ಅತ್ತೆಗೆ ಅದನ್ನು ಹೇಳುವವರು ಯಾರು?

ನಾಲ್ಕನೆಯ ಸುತ್ತಿಗೆ ಅವರ ನೋಟವೇ ಬದಲಾಗಿತ್ತು. ಕಣ್ಣು ಕಿರಿದು ಮಾಡಿ, ರೋಗಿಯನ್ನು ನೋಡುವ ಹಾಗೆ ನೋಡುತ್ತಿದ್ದರು. ಚಕ್ರದಲ್ಲಿ ಹೊಗೆ, ದೀಪಗಳ ಮಿಣುಕು, ಕೈಯೆತ್ತಿ ಶರಣಾಗತನಾದ ಅಳಿಯ. ಮೂವತ್ತು ವರ್ಷದ ಅನುಭವ ಅವರದು, ರೋಗನಿದಾನವಾಗಿ ಹೋಯಿತು. ಬ್ರೇಕು ಫೇಲು.

ಐದನೆಯ ಸುತ್ತಿನಲ್ಲಿ ಅವರು ನಿಂತ ಜಾಗ ಖಾಲಿ. ಎಲ್ಲಿ ಹೋದರಪ್ಪಾ ಎಂದು ಹುಡುಕುತ್ತಾ ಆರನೆಯ ಸುತ್ತಿಗೆ ತಿರುಗಿದರೆ, ರಸ್ತೆಗೆ ಅಡ್ಡಲಾಗಿ ಸಾಮಾನು ಸಾಗಿಸುವ ಮೂರು ತಳ್ಳುಗಾಡಿ. ಅವುಗಳ ಹಿಂದೆ ನಾಲ್ವರು ಹಮಾಲಿಗಳು. ಎಲ್ಲಕ್ಕಿಂತ ಮುಂದೆ, ಊರುಗೋಲನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದುಕೊಂಡು, ಸಾಕ್ಷಾತ್ ಅತ್ತೆ.

ಒತ್ತಿದೆ. ಆ ಬ್ರೇಕಿನ ಮಹಿಮೆಯನ್ನು ಏನೆಂದು ಬಣ್ಣಿಸಲಿ! ಕಿರ್ ಎನ್ನಲಿಲ್ಲ, ಕುಲುಕಲಿಲ್ಲ, ಮೂಗು ಒಂದಿಷ್ಟು ಬಗ್ಗಿಸಿ ಅತ್ತೆಯವರ ಊರುಗೋಲಿನಿಂದ ಒಂದು ಮಾರು ದೂರದಲ್ಲಿ ಕಾರು ನಿಂತಿತು. ಇನ್ನೂ ಐದು ನಿಮಿಷ ಬಾಕಿ ಇರುವುದು ನೆನಪಾಗಿ ಥಟ್ಟನೆ ಬ್ರೇಕಿನ ಮೇಲಿಂದ ಕಾಲೆತ್ತಿದೆ. ಆದರೂ ಖುಷಿಯಿಂದ ಎದೆ ಉಬ್ಬಿತು. ಮೂರು ವಾರದ ತಪಸ್ಸು ಅತ್ತೆಯವರ ಕಣ್ಣೆದುರೇ ಫಲ ಕೊಟ್ಟಿತ್ತು.

ಸುತ್ತ ಸೇರಿದ ಜನ ಚಪ್ಪಾಳೆ ತಟ್ಟಿದರು. ಯಾರಿಗೆ ಅಂತೀರಿ? ಅಜ್ಜಿ ಕೋಲು ಅಡ್ಡ ಹಿಡಿದದ್ದೇ ತಡ, ಬ್ರೇಕಿಲ್ಲದ ಕಾರು ನಿಂತೇ ಹೋಯಿತು ಎಂದು ಒಬ್ಬ ಹಮಾಲಿ ಇನ್ನೊಬ್ಬನಿಗೆ ವಿವರಿಸುತ್ತಿದ್ದ. ನಾನು ಕಿಟಕಿ ಇಳಿಸಿ, ಬ್ರೇಕು ಹೊಸದು ಅತ್ತೆ, ಚೆನ್ನಾಗಿದೆ ಅತ್ತೆ ಎಂದು ಬಡಬಡಿಸಿದೆ. ಅವರು ಹತ್ತಿರ ಬಂದು ನನ್ನ ಮಣಿಕಟ್ಟು ಹಿಡಿದು, ಗಡಿಯಾರ ನೋಡಿಕೊಂಡು ನಾಡಿ ಎಣಿಸತೊಡಗಿದರು.

“ಮಾತಾಡ್ಬೇಡಿ ಅಳಿಯಂದ್ರೇ. ತುಂಬಾ ಹೆದರಿದೀರಿ.”

ಅತ್ತೆ ಮೊದಲೇ ಮಗಳಿಗೆ ಫೋನು ಮಾಡಿದ್ದರೆಂದು ಕಾಣುತ್ತದೆ, ಹೆಂಡತಿ ಆಟೋ ಹಿಡಿದು ಓಡಿಬಂದಳು. ನಾನು ಮೌನಿಯ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. ಅವಳು ಪಾಠ ಒಪ್ಪಿಸುವ ವಿದ್ಯಾರ್ಥಿಯನ್ನು ಕೇಳುವ ಹಾಗೆ ಕೇಳಿ, ಇಷ್ಟನ್ನು ಒಂದು ಫೋನು ಮಾಡಿ ಹೇಳಲು ಬಾಯಿರಲಿಲ್ಲವೇ ಎಂದಳು. (ನಿಜ ಹೇಳಬೇಕೆಂದರೆ, ಅದು ಹೊಳೆದೇ ಇರಲಿಲ್ಲ.) ಮಸಿ ಮೆತ್ತಿಕೊಂಡು ಕಾರು ನಡುಗುತ್ತದೋ ಏನೋ ಎಂದು ನನಗೆ ಜೀವವೇ ಬಾಯಿಗೆ ಬಂದಿತ್ತು. ಅವಳು ನನ್ನನ್ನು ಇಳಿಸಿ ತಾನು ಕೂತು, ಹೂದೋಟವನ್ನು ಒಂದು ಸುತ್ತು ಹಾಕಿ, ಅಮ್ಮನ ಮುಂದೆ ತಂದು ನಿಲ್ಲಿಸಿದಳು. ನಡುಕವಿಲ್ಲ, ಕುಲುಕಿಲ್ಲ.

ಅತ್ತೆ ಅದನ್ನೇ ನೋಡುತ್ತಿದ್ದರು. ಮಗಳತ್ತ ಕೈ ತೋರಿಸಿ, ಪುಟ್ಟಿ ಓಡಿಸುವುದಾದರೆ ಬರುತ್ತೇನೆ ಎಂದು ಮುಂದಿನ ಸೀಟಿನಲ್ಲಿ ಕೂತರು. ಹಿಂದಿನ ಸೀಟು ಅಂತ ಒಂದಿದೆ, ಕಾರು ಮಾಡಿದವರು ಅದನ್ನು ಕಾಲಿಲ್ಲದವರಿಗಾಗಿ ಮಾಡಿರಬೇಕು. ಒಂದು ಸೂಟ್‌ಕೇಸು ಡಿಕ್ಕಿಗೆ ಹೋಯಿತು. ಇನ್ನೊಂದನ್ನು ಎದುರಿಗೆ ಅವುಚಿಕೊಂಡು, ಮಂಡಿಯನ್ನು ಗಲ್ಲಕ್ಕೆ ಊರಿ ನಾನು ಅಲ್ಲಿ ಮುದುಡಿ ಕೂತೆ.

ಮನೆಯವರೆಗೆ ಮೂರು ಸಿಗ್ನಲ್ಲು. ಮೂರರಲ್ಲೂ ಕಾರು ನಿಂತದ್ದೇ ಗೊತ್ತಾಗಲಿಲ್ಲ. ಗೇಟಿನ ಮುಂದೆ ಅತ್ತೆ ನಿಧಾನವಾಗಿ ಇಳಿದು, ಕತ್ತನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಸೂಟ್‌ಕೇಸಿನ ಹಿಂದೆ ನಾನು ಉಸಿರು ಬಿಗಿಹಿಡಿದಿದ್ದೆ. ಹೇಗಿತ್ತಮ್ಮಾ ಎಂದಳು ಹೆಂಡತಿ.

“ಪರವಾಗಿಲ್ಲ ಕಣೇ ಪುಟ್ಟಿ. ಕಾರು ಮಾರ್ಬೇಡಿ, ಇದರಲ್ಲೇನೂ ತಪ್ಪಿಲ್ಲ. ಹೋದ ಸಲ ನಾನೇ ಸುಮ್ಸುಮ್ನೆ ಕಾರನ್ನ ಬೈದೆ.”

ಹೀಗೆ ಕಾರು ಉಳಿಯಿತು. ಬೀಗದ ಕೈ ಮಾತ್ರ ಅವತ್ತೇ ಹೆಂಡತಿಯ ಬ್ಯಾಗು ಸೇರಿತು. ದಿನ ಬಿಟ್ಟು ದಿನ ಅತ್ತೆಯನ್ನು ಆಸ್ಪತ್ರೆಗೆ ಬಿಡುವಾಗ ನನ್ನನ್ನೂ ಅಂಗಡಿಗೆ ಬಿಡುತ್ತಾಳೆ, ಹಿಂದಿನ ಸೀಟಿನಲ್ಲಿ. ಬೇಜಾರೇನಿಲ್ಲ. ಡ್ರಿಲ್ ಮೇಷ್ಟ್ರು ಬೇರೆ ಕಾರು ಕೊಂಡರಂತೆ, ಸಂತೋಷ. ನಾನು ಆರಿಸಿದ ಬ್ರೇಕು ಹದವಾಗಿ ಹಿಡಿಯುವ ಸುಖ ಪ್ರತಿ ಸಿಗ್ನಲ್ಲಿನಲ್ಲೂ ನನ್ನ ಮಂಡಿಗೆ ಗೊತ್ತಾಗುತ್ತದೆ. ನಿನ್ನೆಯೂ ಹಾಗೆಯೇ, ಆಸ್ಪತ್ರೆಯ ಮೆಟ್ಟಿಲ ಮುಂದೆ ಕಾರು ಬೆಣ್ಣೆಯ ಹಾಗೆ ನಿಂತಾಗ ತಡೆಯಲಾರದೆ, ಬ್ರೇಕು ಎಷ್ಟು ಚೆನ್ನಾಗಿದೆ ನೋಡಿದಿರಾ ಅತ್ತೆ ಎಂದುಬಿಟ್ಟೆ. ಹೆಂಡತಿ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕಳು. ಅತ್ತೆ ಹಿಂದೆ ತಿರುಗಿ, ಅಯ್ಯೋ ಪಾಪ ಎನ್ನುವ ದನಿಯಲ್ಲಿ ಹೇಳಿದರು.

“ನೋಡಿ ಕಲ್ತ್ಕೊಳ್ಳಿ ಅಳಿಯಂದ್ರೇ. ಬ್ರೇಕು ಕಾರಲ್ಲಿದ್ರೆ ಸಾಲ್ದು, ಕಾಲಲ್ಲಿರ್ಬೇಕು.”