ತೊಂಬತ್ತು ಕಿಲೋಮೀಟರ್ ಮೇಲಿನ ಗಾಳಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಉಲ್ಕೆ ಉರಿದ ಮೇಲೆ ಆಕಾಶದಲ್ಲಿ ಒಂದು ಜಾಡು ಉಳಿಯುತ್ತದೆ, ರೇಡಾರಿನ ಅಲೆ ಅದಕ್ಕೆ ಬಡಿದು ವಾಪಸ್ಸು ಬರುತ್ತದೆ, ಜಾಡು ಎತ್ತ ಸರಿಯಿತೆಂದು ನೋಡಿ ತೊಂಬತ್ತು ಕಿಲೋಮೀಟರ್ ಮೇಲಿನ ಗಾಳಿಯನ್ನು ಅಳೆಯುತ್ತಾರೆ ಎಂದು ಪತ್ರಿಕೆಯೊಂದರಲ್ಲಿ ಓದಿದೆ. ಹಗಲಲ್ಲೂ ಆಗುತ್ತದಂತೆ. ನನ್ನಲ್ಲಿ ರೇಡಾರ್ ಇರಲಿಲ್ಲ. ಟಿ.ವಿ. ಇತ್ತು. ದೂರದ ಕೇಂದ್ರಕ್ಕೆ ತಿರುಗಿಸಿಟ್ಟರೆ, ಉಲ್ಕೆ ಬಿದ್ದಾಗ ಅಲ್ಲಿನ ಚಿತ್ರ ಕ್ಷಣಕಾಲ ಮಿಂಚುತ್ತದೆ ಎಂದೂ ಬರೆದಿತ್ತು. ಇನ್ನೇನು ಬೇಕು!

ಎಂಟು ದಿನ ಬೆಳಗಿನ ಹೊತ್ತು, ಬಿಳಿ ಚುಕ್ಕಿಗಳಷ್ಟೇ ಉದುರುವ ಪರದೆಯ ಮುಂದೆ ಕೂತೆ. ನನ್ನ ಹೆಂಡತಿ ಶಾಂತಾ ತಾಳ್ಮೆಯ ಹೆಂಗಸು. ಒಂಬತ್ತನೆಯ ದಿನ ಮಾತ್ರ, "ಓಣಿ ಮಂದಿ ಟಿ.ವಿ.ಯಾಗ ಧಾರಾವಾಹಿ ನೋಡ್ತಾರ. ನಮ್ಮನ್ಯಾಗ ಜ್ವಾಳದ ಹಿಟ್ಟು ಸಾಣಿಸೋದು ನೋಡ್ತೀವಿ" ಎಂದಳು. ಅಷ್ಟರಲ್ಲಿ ಪರದೆಯಲ್ಲಿ ಯಾರದೋ ಮುಖ ಮಿಂಚಿತು, ಎಡದಿಂದ ಬಲಕ್ಕೆ ಸರಿದು ಮಾಯವಾಯಿತು. ಟಿ.ವಿ. ಇದ್ದದ್ದು ಉತ್ತರದ ಗೋಡೆಗೆ. ಎಡ ಎಂದರೆ ಪಡುವಣ. ಆದ್ದರಿಂದ ಗಾಳಿ ಪಡುವಣದ್ದು ಎಂದು ವಿಧ್ಯುಕ್ತವಾಗಿ ನೋಟ್‌ಬುಕ್ಕಿನಲ್ಲಿ ದಾಖಲಿಸಿದೆ.

ಅಂದೇ ತೆಲಿಗಿಯಿಂದ ಮಾವ ಬಂದರು. ಕಣದಲ್ಲಿ ಅರ್ಧ ಜೋಳ ತೂರಿ ಆಗಿದೆ, ಉಳಿದರ್ಧಕ್ಕೆ ಗಾಳಿಯೇ ಇಲ್ಲ, ಬಂದರೂ ಯಾವ ದಿಕ್ಕಿನದೋ ಎಂದು ಪೇಚಾಡಿದರು. ಅವರ ಮನೆಗೂ ನಮ್ಮ ಮನೆಗೂ ವರ್ಷದ ರೊಟ್ಟಿ ಆ ಜೋಳವೇ.

"ಪಡುವಣ ಗಾಳಿ ಐತ್ರಿ ಮಾವಾರ. ನಾನೇ ಅಳದು ನೋಡೀನಿ" ಎಂದೆ.

ಬಿ.ಎಸ್ಸಿ. ಓದಿದ ಅಳಿಯನ ಮಾತು! ಮರುದಿನ ಭಾನುವಾರ, ನಾನೂ ತೆಲಿಗಿಯ ಕಣಕ್ಕೆ ಹೋದೆ. ಹೊಟ್ಟು ಮೂಡಣಕ್ಕೆ ಹಾರುತ್ತದೆಂದು ಮಾವ ತೂರಿದ ಜೋಳವನ್ನೆಲ್ಲ ಕಣದ ಪಡುವಣಕ್ಕೆ ಸರಿಸಿ, ಮೂರುಕಾಲಿನ ಮೆಟ್ಟು ಏರಿ, ತೂರದ ಜೋಳ ತುಂಬಿದ ಮರ ಎತ್ತಿ ಸುರಿದರು. ಗಾಳಿ ಬಂತು. ಮೂಡಣದಿಂದ!

ಗಾಳಿ ಬಂದಾಗ ತೂರಿಕೋ ಎಂದು ಗಾದೆಯಿದೆ. ಎತ್ತಲಿಂದ ಬಂದಾಗ ಎಂದು ಗಾದೆಯಲ್ಲಿಲ್ಲ. ಇದು ಬರೀ ಕೆಳಗಿನ ಗಾಳಿ, ಈಗ ತಿರುಗುತ್ತದೆ, ನಿಲ್ಲಿಸಬೇಡಿ ಎಂದು ನಾನೇ ಮರ ತುಂಬಿ ತುಂಬಿ ಮಾವನ ಕೈಗೆ ಕೊಟ್ಟೆ. ಅದು ತಿರುಗಲಿಲ್ಲ. ಹಸನಾದ ಜೋಳವೆಲ್ಲ ಹೊಟ್ಟಿನಡಿ ಮುಚ್ಚಿಹೋಯಿತು.

ರಾಶಿಯ ಮುಂದೆ ಕೆಟ್ಟ ಮಾತಾಡಬಾರದು. ಮಾವ "ಹುಲುಸಾಗ್ಲಿ" ಎಂದಷ್ಟೇ ಹೇಳಿ ಇಳಿದರು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ, ಆದರೂ ಕ್ಷಮಿಸಿದರೆಂದು ಸಮಾಧಾನವಾಯಿತು. ಆಮೇಲೆ ಅವರು ನನ್ನನ್ನು ಕಣದಾಚೆ ಕರೆದೊಯ್ದರು. ಅಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡರು. ಈಗ ಮಾತಾಡಬಹುದಿತ್ತು.

"ನಿಮ್ಮ ಗಾಳಿ ಎಷ್ಟು ಮ್ಯಾಲ ಐತ್ರಿ?"

"ತೊಂಬತ್ತು ಕಿಲೋಮೀಟರ್ ರೀ."

"ಮುಂದಿನ ಸಲ ಅಲ್ಲೇ ಹೋಗಿ ತೂರ್ರಿ."

ಎರಡು ದಿನ ರಜೆ ಹಾಕಿ, ಅತ್ತೆಯ ಪಕ್ಕ ಕೂತು ಆ ಜೋಳವನ್ನು ಮತ್ತೆ ಕೇರಿದೆ. ಕೊಟ್ಟೂರಿಗೆ ಮರಳಿದಾಗ ಶಾಂತಾ ಟಿ.ವಿ. ರಿಪೇರಿಯವನನ್ನು ಕರೆಸಿದ್ದಳು. ಚಿತ್ರ ಪಕ್ಕಕ್ಕೆ ಜಾರುವುದು ಸೆಟ್ಟಿನ ದೋಷವೆಂದು ಅವನು ಹಿಂಬದಿಯ ತಿರುಪೊಂದನ್ನು ತಿರುಗಿಸಿದ.

ತೊಂಬತ್ತು ಕಿಲೋಮೀಟರ್ ಮೇಲೆ ಗಾಳಿ ನಿಂತುಹೋಯಿತು.