ನರಹುಲಿ ಬಿಟ್ಟುಹೋದ ಕೈ

ಪಂಪ್‌ವೆಲ್‌ನಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ ಉಂಟು. ಹಾಳಾದ ಮಿಕ್ಸಿ, ನಿಂತುಹೋದ ಫ್ಯಾನು, ಎಲ್ಲವನ್ನೂ ನಾನೇ ಬಿಚ್ಚಿ ಸರಿಮಾಡುತ್ತೇನೆ. ಹಾಗಾಗಿ ಮನುಷ್ಯನ ದೇಹವನ್ನೂ ಡಾಕ್ಟರ ಹಂಗಿಲ್ಲದೆ ಸರಿಮಾಡಬಹುದು ಎಂಬ ಧೈರ್ಯ ನನಗೆ ಮೊದಲಿನಿಂದಲೂ ಇತ್ತು. ಬಲಗೈಯ ಅಂಗೈಯಲ್ಲಿ, ಬೆರಳುಗಳಲ್ಲಿ ನರಹುಲಿ ಎದ್ದು ವರ್ಷಗಳೇ ಆಗಿದ್ದವು. ಎಡಗೈಯಲ್ಲೂ ಒಂದೆರಡು. ಅವು ಅವುಗಳ ಪಾಡಿಗೆ, ನಾನು ನನ್ನ ಪಾಡಿಗೆ ಇದ್ದೆವು.

ಅಷ್ಟರಲ್ಲಿ ನನ್ನ ಅಕ್ಕ ಜಲಜಕ್ಕನ ಮಗಳು ಶ್ರಾವ್ಯಳಿಗೆ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವ ಹಕ್ಕು ಸೋದರಮಾವನದ್ದು. ಅಪ್ಪನಿಗೂ ಇಲ್ಲದ ಮರ್ಯಾದೆ ಅದು. ಶ್ರಾವ್ಯಳಿಗೆ ಮಾವಂದಿರು ಇಬ್ಬರು. ದೊಡ್ಡವನು ನಾನು. ಚಿಕ್ಕವನು ನನ್ನ ತಮ್ಮ ಸುಧಾಕರ, ದುಬೈಯಿಂದ ಉದ್ದದ ರಜೆ ಹಾಕಿ ಬಂದವನು.

ಒಂದು ಸಂಜೆ ಕಾಟಿಪಳ್ಳದ ಅಕ್ಕನ ಮನೆಯಲ್ಲಿ ಹಾಲ್, ಅಡುಗೆಯವರು ಅಂತ ನಮ್ಮ ಮಾತುಕತೆ ನಡೆಯುತ್ತಿತ್ತು. ಶ್ರಾವ್ಯ ಮನೆಯಲ್ಲಿರಲಿಲ್ಲ, ರವಿಕೆಯ ಅಳತೆಗೆ ಹೋಗಿದ್ದಳು. ಚಾ ಕೊಡುವಾಗ ಅಕ್ಕನ ಕಣ್ಣು ನನ್ನ ಕೈ ಮೇಲೆ ಬಿತ್ತು.

"ಗಿರಿ, ನಿನ್ನ ಕೈ ಎಂತ ಮಾರಾಯ ಇದು?"

"ನರಹುಲಿ ಅಕ್ಕ. ಅದು ಎಂತ ಮಾಡುವುದಿಲ್ಲ."

"ನಿನಗೆ ಮಾಡುವುದಿಲ್ಲ. ಮದುಮಗಳಿಗೆ ಹರಡಿದ್ರೆ? ಮತ್ತೆ ಆ ವಿಡಿಯೋದವನು ಕೈಯನ್ನೇ ಹತ್ತಿರದಿಂದ ತೆಗೀತಾನೆ. ಮದುವೆಗೆ ಮೊದಲು ಇದು ಹೋಗದಿದ್ರೆ ಅವಳ ಕೈ ಸುಧಾಕರ ಹಿಡೀಲಿ."

ಸುಧಾಕರ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ಎಸಿಯಲ್ಲಿ ಕೂತು ಕಂಪ್ಯೂಟರ್ ಒತ್ತಿದ ಕೈ, ಬೆಣ್ಣೆಯ ಹಾಗಿತ್ತು.

ನನಗೆ ನಿಜವಾಗಿ ಬೇಜಾರಾಯಿತು. ಆ ಹುಡುಗಿಯನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟವನು ನಾನು, ಜ್ವರ ಬಂದಾಗ ಆಸ್ಪತ್ರೆಗೆ ಎತ್ತಿಕೊಂಡು ಓಡಿದವನು ನಾನು. ಸುಧಾಕರ ಚಾಕಲೇಟು ಕಳಿಸಿದವನು, ಅಷ್ಟೆ. ನರಹುಲಿಯನ್ನು ಬೇರುಸಹಿತ ಕೀಳುವುದೆಂದು ಅಲ್ಲೇ ನಿರ್ಧರಿಸಿದೆ.

ಮೊದಲ ಪ್ರಯೋಗ ಸ್ವದೇಶಿ. ಹಸಿ ಗೇರುಬೀಜದ ಸಿಪ್ಪೆಯ ಸೊನೆ ತಾಗಿದರೆ ಚರ್ಮ ಸುಡುತ್ತದೆ ಎಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಚರ್ಮ ಸುಟ್ಟರೆ ನರಹುಲಿಯೂ ಸುಡಬೇಕು, ಇದು ನನ್ನ ಲೆಕ್ಕ. ಹೆಂಡತಿ ವಾರಿಜ ಬೇಡ ಬೇಡ ಎಂದರೂ ಕೇಳದೆ ಕಡ್ಡಿಯಲ್ಲಿ ಅದ್ದಿ ಹಚ್ಚಿದೆ. ಬೆಳಿಗ್ಗೆ ನೋಡಿದರೆ ನರಹುಲಿಯ ಸುತ್ತಲಿನ ಚರ್ಮವೆಲ್ಲ ಬೊಬ್ಬೆ ಎದ್ದು ಸುಲಿದುಹೋಗಿತ್ತು. ನಡುವೆ ನರಹುಲಿ ಮಾತ್ರ ಕೂದಲೂ ಕೊಂಕದೆ ಕೂತಿತ್ತು!

"ಈಗ ಅದು ಇನ್ನೂ ಚೆಂದ ಕಾಣ್ತದೆ" ಎಂದಳು ವಾರಿಜ. ಬೊಬ್ಬೆ ಒಣಗುವವರೆಗೆ ನನಗೆ ತುತ್ತು ಕಲಸಿಕೊಟ್ಟವಳೂ ಅವಳೇ, ಆದ್ದರಿಂದ ಎದುರು ಮಾತಾಡುವ ಧೈರ್ಯ ಬರಲಿಲ್ಲ.

ಆಮೇಲೆ ಅವಳೇ ನನ್ನನ್ನು ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಸಣ್ಣ ಪ್ರಾಯದ ಹೆಂಗಸು. ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ದೊಡ್ಡದಕ್ಕೆ ಒಂದು ಇಂಜೆಕ್ಷನ್ ಕೊಡುವ" ಎಂದರು.

"ಉಳಿದವಕ್ಕೆ?"

"ಉಳಿದವಕ್ಕೆ ಬೇಡ. ನರಹುಲಿ ಒಂದು ವೈರಸ್. ಇಷ್ಟು ವರ್ಷ ನಿಮ್ಮ ದೇಹ ಅದನ್ನು ಗುರುತಿಸದೆ ಸುಮ್ಮನೆ ಬಿಟ್ಟಿದೆ. ಈ ಮದ್ದು ದೇಹವನ್ನು ಎಬ್ಬಿಸ್ತದೆ. ಒಂದು ಸಲ ಗುರುತು ಸಿಕ್ಕಿದ್ರೆ ಎಡಗೈಯದ್ದನ್ನೂ ದೇಹವೇ ಹುಡುಕಿ ತೆಗೀತದೆ. ಹೆಚ್ಚಿನವರಿಗೆ ಆಗ್ತದೆ, ಎಲ್ಲರಿಗೂ ಅಂತ ಹೇಳ್ಲಿಕ್ಕಾಗುದಿಲ್ಲ."

ನಾನು ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್. ಅಡುಗೆಕೋಣೆಯ ಸ್ವಿಚ್ಚು ಒತ್ತಿ ಪಕ್ಕದ ಮನೆಯ ಬಲ್ಬು ಉರಿದದ್ದನ್ನು ನಾನು ಕಂಡವನಲ್ಲ. ಆದ್ದರಿಂದ, "ಬಂದದ್ದು ಬಂದಾಯ್ತು, ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಾಕಿಬಿಡಿ ಡಾಕ್ಟ್ರೆ" ಎಂದು ಉದಾರವಾಗಿ ಕೇಳಿಕೊಂಡೆ. ಅವರು ನಕ್ಕು ಸೂಜಿ ಚುಚ್ಚಿದರು. ಅಂಗೈಯ ನರಹುಲಿಯೊಳಗೆ ಸೂಜಿ ಹೋಗುವಾಗ ಆಗುವ ನೋವನ್ನು ವರ್ಣಿಸಲು ನನ್ನಿಂದಾಗದು. ಒಂದು ಸೂಜಿಗೇ ನನ್ನ ಉದಾರತೆ ಮುಗಿದುಹೋಯಿತು. ಉಳಿದವಕ್ಕೆ ಬೇಡವೆಂದ ಆ ಡಾಕ್ಟರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಸಂಜೆಗೆ ಸಣ್ಣ ಜ್ವರ ಬಂತು. ಕೈ ಬಾತುಕೊಂಡಿತು. ನನಗೆ ಖುಷಿಯೋ ಖುಷಿ. "ದೇಹ ಎದ್ದಿದೆ, ವಾರಿಜ" ಎಂದೆ.

"ದೇಹ ಏಳುವುದು ಆಮೇಲೆ. ನೀವು ಎದ್ದು ಗಂಜಿ ಕುಡೀರಿ ಮಾರಾಯ್ರೆ."

ಮೂರು ವಾರಕ್ಕೊಮ್ಮೆ ಚುಚ್ಚಿಸಿಕೊಂಡೆ. ಎರಡನೆಯದಾಯಿತು, ಮೂರನೆಯದಾಯಿತು. ನರಹುಲಿಗಳು ಒಂದಿಷ್ಟೂ ಅಲ್ಲಾಡಲಿಲ್ಲ. ಚುಚ್ಚಿದ್ದು ಕೆಂಪಾಗಿ ಉಬ್ಬಿ, ಮದ್ದು ತಿಂದು ಕೊಬ್ಬಿದಂತೆ ಕಾಣುತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ಕೈ ತೋರಿಸಿ ರೋಗನಿರೋಧಕ ಶಕ್ತಿಯ ಬಗ್ಗೆ ಭಾಷಣ ಮಾಡಿದೆ. ಮರುದಿನದಿಂದ ಗಿರಾಕಿಗಳು ಚಿಲ್ಲರೆಯನ್ನು ಮೇಜಿನ ಮೇಲೆ ಇಡಿ ಎನ್ನತೊಡಗಿದರು. ಅಕ್ಕ ಫೋನಿನಲ್ಲಿ, "ಸುಧಾಕರನಿಗೆ ಹೇಳಿಟ್ಟಿದ್ದೇನೆ, ನೀನು ಬೇಜಾರು ಮಾಡ್ಬೇಡ" ಎಂದಳು. ಆವತ್ತು ನಾನು ಅಂಗಡಿಯನ್ನು ಬೇಗ ಮುಚ್ಚಿ ಮನೆಗೆ ಬಂದೆ.

ನನ್ನ ಮುಖ ನೋಡಲಾರದೆ ವಾರಿಜ ದೈವಸ್ಥಾನಕ್ಕೆ ಹಿಡಿಸೂಡಿಯ ಹರಕೆ ಹೇಳಿದಳು. ನರಹುಲಿ ಗುಡಿಸಿ ಹೋಗಲೆಂದು ಹೊಸ ಹಿಡಿಸೂಡಿ, ಅಂದರೆ ಪೊರಕೆ, ಒಪ್ಪಿಸುವುದು ನಮ್ಮ ಕಡೆ ಮೊದಲಿನಿಂದ ನಡೆದುಬಂದದ್ದು.

ಮದುವೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಬಂಗುಡೆ ಮೀನಿನ ಸಾರಿನಲ್ಲಿ ಅನ್ನ ಕಲಸುತ್ತಿದ್ದೆ. ಬೆರಳಿಗೆ ಏನೋ ಕಡಿಮೆಯಾದಂತೆ ಅನಿಸಿತು. ತೊಳೆದು ನೋಡಿದರೆ ಕಿರುಬೆರಳಿನದ್ದು ಇಲ್ಲ! ಎಡಗೈ ನೋಡಿದೆ. ಸೂಜಿಯನ್ನೇ ಕಾಣದ ಅಲ್ಲಿನವೂ ಉದುರಿದ್ದವು. ವಾರದೊಳಗೆ ಅಂಗೈಯ ದೊಡ್ಡದೂ ಒಣಗಿ ಕಳಚಿಬಿತ್ತು. ಇಂಜೆಕ್ಷನ್ ಎಂದೆ ನಾನು, ಹಿಡಿಸೂಡಿ ಎಂದಳು ವಾರಿಜ. ಈ ವ್ಯಾಜ್ಯ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅಕ್ಕ ಮಾತ್ರ ನನ್ನ ಕೈಯನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸಿ, "ಆಯ್ತು, ನೀನೇ ಹಿಡಿ" ಎಂದು ಅಪ್ಪಣೆ ಕೊಟ್ಟಳು.

ಮದುವೆಯ ದಿನ ನಾನು ಯಾರಿಗೂ ಬರೀ ನಮಸ್ಕಾರ ಮಾಡಲಿಲ್ಲ, ಎಲ್ಲರ ಕೈ ಕುಲುಕಿದೆ. ಮನೆಯ ಗಂಡಸರಿಗೆಲ್ಲ ಒಂದೇ ಬಣ್ಣದ ರೇಷ್ಮೆ ಅಂಗಿ, ಸುಧಾಕರನಿಗೂ ನನಗೂ ಒಂದೇ. ಶ್ರಾವ್ಯ ಕೋಣೆಯಿಂದ ಹೊರಗೆ ಬಂದಳು. ಫೋಟೋಕ್ಕೆಂದು ಅವಳ ಕನ್ನಡಕ ತೆಗೆಸಿದ್ದರು, ತಲೆ ತಗ್ಗಿಸಿ ನಡೆ ಎಂದೂ ಹೇಳಿದ್ದರು. ನಾನು ಗಂಭೀರವಾಗಿ ಮುಂದೆ ಹೋಗಿ ಅವಳ ಕೈ ಹಿಡಿದೆ. ಅವಳು ನಿಂತುಬಿಟ್ಟಳು. ನನ್ನ ಅಂಗೈಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

"ಸುಧಾಕರ ಮಾಮ, ಬೇಜಾರು ಮಾಡ್ಬೇಡಿ" ಎಂದಳು ಮೆಲ್ಲಗೆ, "ಗಿರಿ ಮಾಮ ಎಲ್ಲಿ? ನನಗೆ ಅವರೇ ಹಿಡೀಬೇಕು."

"ನಾನೇ ಮಗಾ" ಎಂದದ್ದು ಆ ಗದ್ದಲದಲ್ಲಿ ನನಗೇ ಸರಿಯಾಗಿ ಕೇಳಲಿಲ್ಲ, ಅವಳಿಗೆ ಸುಧಾಕರನ ಧ್ವನಿಯಂತೆಯೇ ಕೇಳಿಸಿರಬೇಕು. ಅವಳು ಕೈ ಎಳೆದುಕೊಳ್ಳಲು ನೋಡಿದಳು. ವಾಲಗದವರು ಊದುತ್ತಿದ್ದರು, ಪುರೋಹಿತರು ಮುಹೂರ್ತ ಮೀರುತ್ತದೆಂದು ಕೂಗುತ್ತಿದ್ದರು, ವಿಡಿಯೋದವನು ನಮ್ಮ ಕೈಯನ್ನೇ ಹತ್ತಿರದಿಂದ ತೆಗೆಯುತ್ತಿದ್ದ. ಕೊನೆಗೆ ಅವಳ ಕಣ್ಣಿನ ಬುಡಕ್ಕೆ ಬಗ್ಗಿ ಮುಖ ತೋರಿಸಬೇಕಾಯಿತು.

"ಅಯ್ಯೋ, ನೀವೇ. ಕೈಗೆ ಎಂತ ಆಯ್ತು ಮಾಮ?" ಎಂದು ಅವಳು ಗಾಬರಿಯಿಂದ ಕೇಳಿದಳು. ಅಷ್ಟು ವರ್ಷ ನರಹುಲಿ ತುಂಬಿದ್ದಾಗ ಒಂದು ದಿನವೂ ಕೇಳದವಳು. ಇಷ್ಟು ಇಂಜೆಕ್ಷನ್ ಚುಚ್ಚಿಸಿಕೊಂಡು ನಾನು ಸಾಧಿಸಿದ್ದೆಂದರೆ, ಅಲ್ಲಿಗೆ ಬಂದ ಬಂಧುಬಳಗದ ಎದುರು ನಾನು ನಾನೇ ಎಂದು ಸಾಬೀತು ಮಾಡಿದ್ದು.